ಇಳಿಸಿದ ತೂಕ ಮತ್ತೆ ಏರುತ್ತಿದೆ, ನನ್ನ ಮೆಟಬಾಲಿಸಂ ಕೆಟ್ಟುಹೋಗಿದೆಯೇ?

ಪ್ರಶ್ನೆ: ನನಗೆ 41 ವರ್ಷ, ಎತ್ತರ 158 ಸೆಂ.ಮೀ. ಮನೆ ಬನಶಂಕರಿಯಲ್ಲಿ, ಕೆಲಸ ಎಂ.ಜಿ. ರಸ್ತೆಯ ಬ್ಯಾಂಕೊಂದರಲ್ಲಿ. ಮೂರು ವರ್ಷದ ಹಿಂದೆ 92 ಕೆ.ಜಿ. ಇದ್ದೆ. ಜಿಮ್‌ಗೆ ಸೇರಿ, ಅನ್ನ, ಸಿಹಿ ಎಲ್ಲಾ ಬಿಟ್ಟು, ದಿನಕ್ಕೆ 1,000 ಕ್ಯಾಲರಿಯಲ್ಲಿ ಹತ್ತು ತಿಂಗಳಿಗೆ 68ಕ್ಕೆ ಇಳಿಸಿದೆ. ಎಲ್ಲರೂ ಹೊಗಳಿದರು. ಆಮೇಲೆ ನಿಧಾನಕ್ಕೆ ಏರುತ್ತಾ ಈಗ 79ಕ್ಕೆ ಬಂದು ನಿಂತಿದ್ದೇನೆ. ಈಗಲೂ 1,200 ಕ್ಯಾಲರಿಗಿಂತ ಹೆಚ್ಚು ತಿನ್ನುವುದಿಲ್ಲ. ‘ನಿಮ್ಮ ಮೆಟಬಾಲಿಸಂ ಡ್ಯಾಮೇಜ್ ಆಗಿದೆ’ ಎನ್ನುತ್ತಾರೆ ಜಿಮ್ ತರಬೇತುದಾರರು. ‘ಕದ್ದು ತಿಂತೀಯೇನೋ’ ಅಂತ ಮನೆಯವರು ತಮಾಷೆ ಮಾಡುತ್ತಾರೆ. ಥೈರಾಯ್ಡ್ ಪರೀಕ್ಷೆ ನಾರ್ಮಲ್ ಬಂದಿದೆ. ಮತ್ತೆ 1,000 ಕ್ಯಾಲರಿಗೆ ಇಳಿಯಲೇ? ಇಂಜೆಕ್ಷನ್ ತೆಗೆದುಕೊಳ್ಳಲೇ? ನನಗೆ ನಾಚಿಕೆಯಾಗುತ್ತಿದೆ, ಸೋತುಹೋಗಿದ್ದೇನೆ ಅನಿಸುತ್ತಿದೆ.

ಉತ್ತರ: ಮೊದಲು ಆ ‘ಸೋತುಹೋಗಿದ್ದೇನೆ’ ಎಂಬ ಮಾತನ್ನು ಪಕ್ಕಕ್ಕಿಡೋಣ. 92 ಇದ್ದವರು ಮೂರು ವರ್ಷದ ನಂತರ 79 ಇದ್ದೀರಿ. ಅಂದರೆ ಇವತ್ತಿಗೂ 13 ಕೆ.ಜಿ. ಕಡಿಮೆ, ಮೂಲ ತೂಕದ ಶೇ 14. ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಅದರಲ್ಲಿ ತೂಕ ಶೇ 7ರಷ್ಟು ಇಳಿಸುವುದೇ ಗುರಿ, ಜೊತೆಗೆ ವಾರಕ್ಕೆ 150 ನಿಮಿಷದ ನಡಿಗೆ. ಅಷ್ಟರಿಂದಲೇ ಮಧುಮೇಹ ಬರುವ ಸಾಧ್ಯತೆ ಶೇ 58ರಷ್ಟು ತಗ್ಗಿತ್ತು. ನೀವು ಅದರ ಎರಡರಷ್ಟನ್ನು ಉಳಿಸಿಕೊಂಡಿದ್ದೀರಿ. ನಿಮ್ಮ ಕಣ್ಣು 68ರ ಮೇಲೆ ನೆಟ್ಟಿರುವುದರಿಂದ 79 ಸೋಲಿನಂತೆ ಕಾಣುತ್ತಿದೆ, ಅಷ್ಟೇ.

ಇನ್ನು ‘ಡ್ಯಾಮೇಜ್’. ನಿಮ್ಮ ಮೆಟಬಾಲಿಸಂ, ಅಂದರೆ ದೇಹ ಶಕ್ತಿಯನ್ನು ಬಳಸುವ ಚಯಾಪಚಯ ಕ್ರಿಯೆ, ಕೆಟ್ಟಿಲ್ಲ. ನಿಧಾನವಾಗಿದೆ, ಅದು ನಿಜ. ಕೆಡುವುದಕ್ಕೂ ನಿಧಾನವಾಗುವುದಕ್ಕೂ ಇರುವ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಅರ್ಥವಾಗದೆ ನಿಮ್ಮಂಥ ಎಷ್ಟೋ ಜನ ತಮ್ಮನ್ನೇ ಶಿಕ್ಷಿಸಿಕೊಳ್ಳುವುದನ್ನು ನೋಡಿದ್ದೇನೆ.

ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ ದೇಹ ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. ಮೆದುಳು, ಯಕೃತ್ತು, ಹೃದಯ, ಮೂತ್ರಪಿಂಡಗಳು ದೇಹದ ತೂಕದಲ್ಲಿ ತೀರಾ ಚಿಕ್ಕ ಪಾಲು, ಆದರೆ ಈ ವಿಶ್ರಾಂತಿಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವುಗಳದ್ದೇ. ಒಂದು ಕೆ.ಜಿ. ಸ್ನಾಯು ದಿನಕ್ಕೆ ಸುಮಾರು 13 ಕ್ಯಾಲರಿ ತೆಗೆದುಕೊಂಡರೆ ಒಂದು ಕೆ.ಜಿ. ಕೊಬ್ಬಿಗೆ ನಾಲ್ಕೈದು ಸಾಕು. ವೈದ್ಯರು ಸಾಮಾನ್ಯವಾಗಿ ಬಳಸುವ ಸೂತ್ರಕ್ಕೆ ನಿಮ್ಮ ಅಂಕಿಗಳನ್ನು ಹಾಕಿದರೆ, 92 ಕೆ.ಜಿ. ಇದ್ದಾಗ ನಿಮ್ಮ ವಿಶ್ರಾಂತಿಯ ಖರ್ಚು ದಿನಕ್ಕೆ ಸುಮಾರು 1,550 ಕ್ಯಾಲರಿ. 68ಕ್ಕೆ ಬಂದಾಗ 1,300. ಪಾಶ್ಚಾತ್ಯರನ್ನು ಅಳೆದು ಮಾಡಿದ ಈ ಸೂತ್ರಗಳು ನಮ್ಮವರಿಗೆ ಸ್ವಲ್ಪ ಹೆಚ್ಚೇ ತೋರಿಸುತ್ತವೆ, ಆದರೂ ವ್ಯತ್ಯಾಸ ಗಮನಿಸಿ: 250 ಕ್ಯಾಲರಿ. ಇದರಲ್ಲಿ ರೋಗವೇನೂ ಇಲ್ಲ. ಹತ್ತು ಜನರ ಮನೆ ಏಳು ಜನರದ್ದಾದರೆ ಸಿಲಿಂಡರ್ ಹೆಚ್ಚು ದಿನ ಬರುತ್ತದಲ್ಲ, ಹಾಗೆ. ಇದರ ಮೇಲೆ, ಮೆಟ್ಟಿಲು ಹತ್ತುವಾಗ, ನಡೆಯುವಾಗ ನೀವು ಆಗ 24 ಕೆ.ಜಿ. ಹೊರೆ ಕಡಿಮೆ ಹೊರುತ್ತಿದ್ದಿರಿ. ಆ ಖರ್ಚೂ ಇಳಿಯಿತು. ಕಡಿಮೆ ತಿಂದಾಗ ಜೀರ್ಣಕ್ಕೆ ಹೋಗುವ ಖರ್ಚೂ ಕಡಿಮೆ.

ಇದಿಷ್ಟು ಸರಳ ಲೆಕ್ಕ. ಇದರಾಚೆಗೆ ಇನ್ನೊಂದಿದೆ. ದೇಹ ಚಿಕ್ಕದಾದದ್ದಕ್ಕೆ ಎಷ್ಟು ಇಳಿಯಬೇಕೋ ಅದಕ್ಕಿಂತಲೂ ಹೆಚ್ಚಾಗಿ ಖರ್ಚು ಇಳಿಯುತ್ತದೆ. ಬರಗಾಲ ಬಂದಿದೆ ಎಂದುಕೊಂಡು ದೇಹ ಕೈ ಬಿಗಿಹಿಡಿಯುತ್ತದೆ. ಥೈರಾಯ್ಡ್‌ನ ಟಿ3 ಹಾರ್ಮೋನು ಸ್ವಲ್ಪ ತಗ್ಗುತ್ತದೆ, ನಾಡಿ ನಿಧಾನವಾಗುತ್ತದೆ, ಚಳಿ ಹೆಚ್ಚು ಅನಿಸುತ್ತದೆ. ನಿಮ್ಮ ಪರೀಕ್ಷೆ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸಾಮಾನ್ಯವಾಗಿ ನೋಡುವ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡಲು ಹೇಳುವ ಹಾರ್ಮೋನು) ಈ ಸ್ಥಿತಿಯಲ್ಲಿ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ, ಏಕೆಂದರೆ ಇದು ಗ್ರಂಥಿಯ ಕಾಯಿಲೆಯಲ್ಲ. ದಯವಿಟ್ಟು ಯಾರ ಮಾತು ಕೇಳಿಯೂ ತೂಕಕ್ಕಾಗಿ ಥೈರಾಯ್ಡ್ ಮಾತ್ರೆ ನುಂಗಬೇಡಿ. ಹೃದಯದ ಲಯ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಕೈ ಬಿಗಿಹಿಡಿಯಲು ಆಜ್ಞೆ ಕೊಡುವವರು ಯಾರು? ಮುಖ್ಯವಾಗಿ ಲೆಪ್ಟಿನ್. ಕೊಬ್ಬಿನ ಕೋಶಗಳಿಂದ ಹೊರಟು ‘ಉಗ್ರಾಣದಲ್ಲಿ ಇಷ್ಟು ದಾಸ್ತಾನು ಇದೆ’ ಎಂದು ಮೆದುಳಿಗೆ ತಿಳಿಸುವ ಹಾರ್ಮೋನು ಇದು. ನ್ಯೂಯಾರ್ಕಿನಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಇದನ್ನು ಪತ್ತೆ ಮಾಡಿತು. ತೂಕ ಇಳಿದಾಗ ಲೆಪ್ಟಿನ್ ಕುಸಿಯುತ್ತದೆ, ಮೆದುಳಿಗೆ ಗಾಬರಿಯಾಗುತ್ತದೆ. ರುಡಾಲ್ಫ್ ಲೀಬೆಲ್, ಮೈಕೆಲ್ ರೋಸೆನ್‌ಬಾಮ್ ಮತ್ತವರ ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 10ರಷ್ಟು ತೂಕ ಇಳಿಸಿ ಅಲ್ಲೇ ನಿಂತವರ ಒಟ್ಟು ಖರ್ಚು ಅಂದಾಜಿಗಿಂತ ಎಷ್ಟೋ ಹೆಚ್ಚು ತಗ್ಗಿತ್ತು. ಇಳಿಕೆಯ ದೊಡ್ಡ ಪಾಲು ವಿಶ್ರಾಂತಿಯಲ್ಲಲ್ಲ, ಚಲನೆಯಲ್ಲಿ: ಸ್ನಾಯುಗಳು ಅದೇ ಕೆಲಸವನ್ನು ಕಡಿಮೆ ಇಂಧನದಲ್ಲಿ ಮಾಡಲು ಕಲಿತುಬಿಟ್ಟಿದ್ದವು. ಮುಂದೆ ಇದೇ ಸಂಶೋಧಕರು ತೂಕ ಇಳಿಸಿದವರಿಗೆ ಲೆಪ್ಟಿನ್ ಕೊಟ್ಟು ಹಳೆಯ ಮಟ್ಟಕ್ಕೆ ತಂದಾಗ ಈ ಉಳಿತಾಯದ ಬಹುಪಾಲು ಮಾಯವಾಯಿತು. ಅಂದರೆ ಯಂತ್ರ ಸರಿಯಾಗಿಯೇ ಇತ್ತು, ಸಂದೇಶ ಬದಲಾಗಿತ್ತು.

ಇದು ಹೊಸ ತಿಳಿವಳಿಕೆಯೂ ಅಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ 24 ವಾರ ಅರೆಹೊಟ್ಟೆಯಲ್ಲಿಟ್ಟರು. ದಿನಕ್ಕೆ ಸಿಗುತ್ತಿದ್ದದ್ದು 1,570 ಕ್ಯಾಲರಿಯ ಆಸುಪಾಸು. ತೂಕದ ಕಾಲುಭಾಗ ಹೋಯಿತು, ವಿಶ್ರಾಂತಿಯ ಖರ್ಚು ಸುಮಾರು ಶೇ 40 ಇಳಿಯಿತು. ನಡುಬೇಸಿಗೆಯಲ್ಲಿ ಕಂಬಳಿ ಕೇಳುತ್ತಿದ್ದರು. ಎಂದೂ ಅಡುಗೆಮನೆಗೆ ಕಾಲಿಡದವರು ಅಡುಗೆ ಪುಸ್ತಕ ಕೂಡಿಟ್ಟು ಓದುತ್ತಿದ್ದರು. ಮತ್ತೆ ಹೊಟ್ಟೆತುಂಬ ಊಟ ಸಿಕ್ಕಾಗ ತಿಂದಷ್ಟೂ ತೃಪ್ತಿಯಾಗಲಿಲ್ಲ. ಆ ಯುವಕರು ದಡೂತಿಗಳೇನೂ ಅಲ್ಲ, ಮನೋಬಲವಿಲ್ಲದವರೂ ಅಲ್ಲ. ನಿಮ್ಮ 1,000 ಕ್ಯಾಲರಿಯ ಹತ್ತು ತಿಂಗಳನ್ನು ಇದರ ಪಕ್ಕ ಇಟ್ಟು ನೋಡಿ. ನಿಮ್ಮ ದೇಹದಲ್ಲಿ ದಾಸ್ತಾನು ಹೆಚ್ಚಿತ್ತು ನಿಜ, ಆದರೆ ಒಳಗಿನ ಉತ್ತರ ಇದೇ ಜಾತಿಯದು.

ನಮ್ಮ ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. 1980ರ ದಶಕದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಸಂಗಡಿಗರು ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಬದುಕಿದವರ ವಿಶ್ರಾಂತಿಯ ಖರ್ಚನ್ನು ಅಳೆದಿದ್ದರು. ಹೊಟ್ಟೆತುಂಬ ಉಣ್ಣುವವರಿಗಿಂತ ಅದು ಕಡಿಮೆಯಿತ್ತು. ಬಡತನದ ಹಸಿವಿಗೂ ಡಯಟ್‌ನ ಹಸಿವಿಗೂ ದೇಹ ಬೇರೆಬೇರೆ ಹೆಸರು ಇಡುವುದಿಲ್ಲ.

ನಿಮ್ಮ ತರಬೇತುದಾರರ ಮನಸ್ಸಿನಲ್ಲಿರುವುದು ಬಹುಶಃ 2016ರ ಒಂದು ಅಧ್ಯಯನ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ 30 ವಾರಗಳಲ್ಲಿ ಸರಾಸರಿ 58 ಕೆ.ಜಿ. ಇಳಿಸಿದ್ದ 14 ಜನರನ್ನು ಕೆವಿನ್ ಹಾಲ್ ಎಂಬ ವಿಜ್ಞಾನಿಯ ತಂಡ ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿತು. ಸರಾಸರಿ 41 ಕೆ.ಜಿ. ಮರಳಿತ್ತು, ಆದರೂ ವಿಶ್ರಾಂತಿಯ ಖರ್ಚು ಇರಬೇಕಾದದ್ದಕ್ಕಿಂತ ದಿನಕ್ಕೆ 500 ಕ್ಯಾಲರಿ ಕಡಿಮೆಯೇ ಉಳಿದಿತ್ತು. ಸುದ್ದಿ ಓದಿದವರೆಲ್ಲ ದಿಗಿಲುಬಿದ್ದರು. ಆದರೆ ಅದರೊಳಗಿನ ಇನ್ನೊಂದು ಮಾತು ಸುದ್ದಿಯಲ್ಲಿ ಅಷ್ಟಾಗಿ ಬರಲಿಲ್ಲ: ಆರು ವರ್ಷದ ಕೊನೆಗೆ ಹೆಚ್ಚು ತೂಕ ಉಳಿಸಿಕೊಂಡವರಲ್ಲೇ ಈ ನಿಧಾನಗತಿ ಹೆಚ್ಚಿತ್ತು. ನಿಧಾನವಾದದ್ದೇ ತೂಕ ಮರಳಲು ಕಾರಣವಾಗಿದ್ದರೆ ಲೆಕ್ಕ ತಿರುವುಮುರುವಾಗಿರಬೇಕಿತ್ತು. ದಿನಕ್ಕೆ ಗಂಟೆಗಟ್ಟಲೆ ವ್ಯಾಯಾಮ ಮಾಡಿ ಅಷ್ಟು ವೇಗವಾಗಿ ಇಳಿಸಿದ 14 ಜನರ ಕಥೆ ಎಲ್ಲರಿಗೂ ಅನ್ವಯಿಸುವುದೂ ಇಲ್ಲ. ಕಾಟಿಯಾ ಮಾರ್ಟಿನ್ಸ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದ್ದು ನನಗೆ ಹೆಚ್ಚು ಸಮಂಜಸ ಅನಿಸುತ್ತದೆ. ತೂಕ ಇಳಿಯುತ್ತಿರುವಾಗಲೇ ಅಳೆದರೆ ಅಂತರ ದೊಡ್ಡದಾಗಿ ಕಾಣುತ್ತದೆ. ಇಳಿಸುವುದನ್ನು ನಿಲ್ಲಿಸಿ ನಾಲ್ಕು ವಾರ ಒಂದೇ ತೂಕದಲ್ಲಿ ಇದ್ದು ಅಳೆದರೆ ಅದು ದಿನಕ್ಕೆ 50 ಕ್ಯಾಲರಿಯ ಸುತ್ತಮುತ್ತ ಬಂದು ನಿಲ್ಲುತ್ತದೆ. 50 ಕ್ಯಾಲರಿ ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು ಎಣ್ಣೆ.

ಹಾಗಾದರೆ 11 ಕೆ.ಜಿ. ಮರಳಿದ್ದು ಎಲ್ಲಿಂದ? ನನ್ನ ಉತ್ತರ: ಹಸಿವಿನಿಂದ. ಈ ವಿಷಯದಲ್ಲಿ ನನಗೆ ಅತ್ಯಂತ ಜಾಣ್ಮೆಯದ್ದು ಅನಿಸಿದ ಅಧ್ಯಯನವೊಂದನ್ನು ಹೇಳಲೇಬೇಕು. ಮಧುಮೇಹಕ್ಕೆ ಕೊಡುವ ಒಂದು ಬಗೆಯ ಮಾತ್ರೆ ದಿನಕ್ಕೆ ಸುಮಾರು 90 ಗ್ರಾಂ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅಂದರೆ 360 ಕ್ಯಾಲರಿ ದಿನವೂ ಸೋರಿಹೋಗುತ್ತದೆ, ರೋಗಿಗೆ ಗೊತ್ತೇ ಆಗುವುದಿಲ್ಲ. ಡಯಟ್ ಇಲ್ಲ, ಸಂಕಲ್ಪವಿಲ್ಲ, ಬೆನ್ನು ತಟ್ಟುವವರಿಲ್ಲ. ಹೀಗೆ ಒಂದು ವರ್ಷ ಮಾತ್ರೆ ತೆಗೆದುಕೊಂಡವರ ತೂಕದ ಏರಿಳಿತದಿಂದ ಅವರು ಎಷ್ಟು ತಿನ್ನುತ್ತಿದ್ದರು ಎಂದು ಹಾಲ್ ಮತ್ತು ಸಹೋದ್ಯೋಗಿಗಳು ಲೆಕ್ಕ ಹಾಕಿದರು. ಕಳೆದ ಪ್ರತಿ ಕೆ.ಜಿ.ಗೆ ಊಟ ದಿನಕ್ಕೆ ಸುಮಾರು 100 ಕ್ಯಾಲರಿ ಹೆಚ್ಚಾಗಿತ್ತು, ಅವರ ಅರಿವಿಗೇ ಬಾರದೆ. ಖರ್ಚಿನ ಇಳಿಕೆಯಾದರೋ ಪ್ರತಿ ಕೆ.ಜಿ.ಗೆ 20–30 ಕ್ಯಾಲರಿ ಮಾತ್ರ. ಇದನ್ನು ನಿಮ್ಮ 24ರಿಂದ ಗುಣಿಸಬೇಡಿ, ಆ ರೋಗಿಗಳು ಇಳಿಸಿದ್ದು ಕೆಲವೇ ಕೆ.ಜಿ. ಆದರೆ ಎರಡು ಅಂಕಿಗಳ ನಡುವಿನ ಅಂತರ ನೋಡಿ. ತೂಕವನ್ನು ಹಿಂದಕ್ಕೆಳೆಯುವ ಬಲದಲ್ಲಿ ನಿಧಾನವಾದ ಮೆಟಬಾಲಿಸಂನದ್ದು ಸಣ್ಣ ಪಾಲು, ಹಸಿವಿನದ್ದು ದೊಡ್ಡ ಪಾಲು.

ಆ ಹಸಿವು ಬೇಗ ತಣಿಯುವುದೂ ಇಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರಿಗೆ ಹತ್ತು ವಾರ ಕಟ್ಟುನಿಟ್ಟಿನ ಆಹಾರ ಕೊಟ್ಟು ಸರಾಸರಿ 13.5 ಕೆ.ಜಿ. ಇಳಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷ ಕಳೆದರೂ ಹಸಿವು ಕೆರಳಿಸುವ ಗ್ರೆಲಿನ್ ಏರಿಯೇ ಇತ್ತು, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನುಗಳು ತಗ್ಗಿಯೇ ಇದ್ದವು. ನೀವು 68ಕ್ಕೆ ಬಂದು ಎಲ್ಲರ ಮೆಚ್ಚುಗೆ ಪಡೆಯುತ್ತಿದ್ದ ದಿನಗಳಲ್ಲಿ ಒಳಗೆ ಈ ಕೂಗು ನಡೆದೇ ಇತ್ತು. ಆ ಹೊತ್ತಿಗೆ ಹೊಗಳುವವರೂ ನಿಂತರು, ಜಿಮ್‌ನ ಹುಮ್ಮಸ್ಸೂ ಇಳಿಯಿತು, ಮಾರ್ಚ್ ತಿಂಗಳ ಬ್ಯಾಂಕ್ ಕೆಲಸವೂ ಬಂತು.

ಈಗ ಕಷ್ಟದ ಮಾತು. ನೀವು 1,200 ತಿನ್ನುತ್ತಿದ್ದೇನೆ ಎಂದು ನಂಬಿದ್ದೀರಿ, ನೀವು ಸುಳ್ಳು ಹೇಳುತ್ತಿಲ್ಲ ಎಂದು ನಾನೂ ನಂಬುತ್ತೇನೆ. ಆದರೆ ಓಡಾಡಿಕೊಂಡಿರುವ, ನಿಮ್ಮ ಎತ್ತರ ತೂಕದ ಹೆಂಗಸಿಗೆ ನಿಜವಾಗಿ ದಿನವೂ 1,200 ಮಾತ್ರ ಹೋಗುತ್ತಿದ್ದರೆ ತೂಕ ಏರುವುದು ಸಾಧ್ಯವಿಲ್ಲ. ಇದನ್ನು ಯಾರೂ ಅಂದಾಜಿನಿಂದ ಹೇಳುತ್ತಿಲ್ಲ. 1992ರಲ್ಲಿ ‘ಏನು ಮಾಡಿದರೂ ಇಳಿಯುತ್ತಿಲ್ಲ’ ಎನ್ನುತ್ತಿದ್ದ ಹತ್ತು ಜನರನ್ನು, ಶಕ್ತಿಯ ಖರ್ಚನ್ನು ನಿಖರವಾಗಿ ಹೇಳುವ ಗುರುತು ಹಾಕಿದ ನೀರು ಕುಡಿಸಿ ಅಳೆದರು. ಅವರ ಚಯಾಪಚಯ ಸರಿಯಾಗಿತ್ತು. ತಿಂದದ್ದನ್ನು ಸರಾಸರಿ ಶೇ 47 ಕಡಿಮೆ ಬರೆದಿದ್ದರು, ಅದೂ ಪ್ರಾಮಾಣಿಕವಾಗಿ. ಆಹಾರ ತಜ್ಞರು ಬರೆದರೂ ತಪ್ಪುತ್ತದೆ. ನಮ್ಮ ಅಡುಗೆಮನೆಯಲ್ಲಿ ಇದು ಇನ್ನೂ ಸುಲಭ. ಆ್ಯಪ್‌ನಲ್ಲಿ ‘ಒಂದು ಬಟ್ಟಲು ಪಲ್ಯ’ ಎಂದು ಒತ್ತುತ್ತೇವೆ, ಒಗ್ಗರಣೆಯ ಎಣ್ಣೆ, ಮೇಲೆ ಉದುರಿಸಿದ ಕಾಯಿತುರಿ ಅದಕ್ಕೆ ಗೊತ್ತಿರುವುದಿಲ್ಲ. ಒಂದು ಟೀ ಚಮಚ ಎಣ್ಣೆಗೆ 45 ಕ್ಯಾಲರಿ. ಉಪ್ಪು ನೋಡಲು ಸವಿದದ್ದು, ಮಗುವಿನ ತಟ್ಟೆಯಲ್ಲಿ ಉಳಿದದ್ದು, ಬ್ಯಾಂಕಿನಲ್ಲಿ ಯಾರದೋ ಬರ್ತ್‌ಡೇ ಕೇಕು, ಸಂಜೆಯ ಬೈಟು ಕಾಫಿ ಯಾವ ಪುಸ್ತಕಕ್ಕೂ ಏರುವುದಿಲ್ಲ. ಮನೆಯವರ ‘ಕದ್ದು ತಿಂತೀಯೇನೋ’ ಎಂಬ ತಮಾಷೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಅವರಿಗೆ ಈ ಭಾಗವನ್ನು ಓದಲು ಕೊಡಿ. ಹಸಿವಿನ ಹಾರ್ಮೋನು ಒಳಗೆ ಕೂಗುತ್ತಿರುವವರ ಮೇಲೆ ಕಳ್ಳತನದ ಆರೋಪ ಹೊರಿಸುವುದು ತಮಾಷೆಯಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ರೋಗಿಗಳಿಗೆ ‘ನಿಜ ಹೇಳಿ, ಏನು ತಿಂತಿದ್ದೀರಿ’ ಎಂದು ಕೇಳುತ್ತಿದ್ದೆ. ಆ ಪ್ರಶ್ನೆ ಕೇಳಿದ ಮೇಲೆ ಎಷ್ಟೋ ಜನ ಮರಳಿ ಬರಲೇ ಇಲ್ಲ. ಈಗ ಹಾಗೆ ಕೇಳುವುದಿಲ್ಲ.

ಹಾಗಾಗಿ 1,000ಕ್ಕೆ ಇಳಿಯಬೇಡಿ. ಇಳಿಸುವ ದಾರಿ ಬೇರೆ, ಇಳಿಸಿದ್ದನ್ನು ಉಳಿಸುವ ದಾರಿ ಬೇರೆ. ನಿಮಗೆ ಮೊದಲನೆಯದನ್ನು ಕಲಿಸಿದರು, ಎರಡನೆಯದನ್ನು ಯಾರೂ ಹೇಳಿಕೊಡಲಿಲ್ಲ. ಮುಂದಿನ ಮೂರು ತಿಂಗಳು ನಿಮ್ಮ ಗುರಿ 79ರಲ್ಲಿ ನಿಲ್ಲುವುದು, ಅಷ್ಟೇ. ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ತೂಕ ನೋಡಿ. ಒಂದು ಕೆ.ಜಿ. ಆಚೀಚೆ ನೀರಿನದ್ದು, ತಲೆಕೆಡಿಸಿಕೊಳ್ಳಬೇಡಿ. ಅಮೆರಿಕದಲ್ಲಿ 1994ರಿಂದ, ಕನಿಷ್ಠ 13.6 ಕೆ.ಜಿ. ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರ ದಾಖಲೆ ಇಡುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಆಗಾಗ ತೂಕ ನೋಡಿಕೊಳ್ಳುತ್ತಾರೆ, ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಣಿಸುತ್ತಾರೆ. ಆ ಟಿವಿ ಸ್ಪರ್ಧಿಗಳಲ್ಲೂ ತೂಕ ಉಳಿಸಿಕೊಂಡವರನ್ನು ಬೇರ್ಪಡಿಸಿದ್ದು ಮುಖ್ಯವಾಗಿ ಚಲನೆಯೇ. ನಡಿಗೆ ತೂಕ ಇಳಿಸುವುದರಲ್ಲಿ ಅಷ್ಟೇನೂ ಚುರುಕಲ್ಲ, ಉಳಿಸುವುದರಲ್ಲಿ ಗಟ್ಟಿ.

ಒಂದು ಗಂಟೆ ಎಲ್ಲಿಂದ ತರುವುದು ಎಂದು ಕೇಳುತ್ತೀರಿ. ನೀವು ಬನಶಂಕರಿಯಿಂದ ಮೆಟ್ರೋದಲ್ಲಿ ಹೋಗುವುದಾದರೆ, ಮೆಜೆಸ್ಟಿಕ್‌ನಲ್ಲಿ ಬದಲಿಸಿದ ಮೇಲೆ ಎಂ.ಜಿ. ರಸ್ತೆಯವರೆಗೆ ಕೂರದೆ ವಿಧಾನಸೌಧದಲ್ಲಿ ಇಳಿಯಿರಿ. ಕಬ್ಬನ್ ಪಾರ್ಕಿನ ಮರಗಳ ನಡುವೆ ನಡೆದರೆ ಅರ್ಧ ಗಂಟೆ ಅಲ್ಲೇ ಸಿಕ್ಕಿತು. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಇರಲೇಬೇಕು. ಇಳಿದ ತೂಕದಲ್ಲಿ ನಾಲ್ಕನೇ ಒಂದು ಭಾಗದಷ್ಟು ಕೊಬ್ಬಲ್ಲದ್ದೂ ಹೋಗಿರುತ್ತದೆ, ಅದರಲ್ಲಿ ಸ್ನಾಯುವೂ ಸೇರಿದೆ. ಮರಳುವಾಗ ಕೊಬ್ಬೇ ಬೇಗ ಬರುತ್ತದೆ. ಸ್ನಾಯು ಬೆಳೆಸಿದರೆ ಮೆಟಬಾಲಿಸಂ ರಾಕೆಟ್ಟಿನಂತೆ ಏರುತ್ತದೆ ಎನ್ನುವವರನ್ನು ನಂಬಬೇಡಿ, ಕೆ.ಜಿ.ಗೆ 13 ಕ್ಯಾಲರಿ ಎಂದು ಆಗಲೇ ಹೇಳಿದೆ. ಆದರೆ ಮೊಣಕಾಲಿಗೆ, ಮೂಳೆಗೆ, ರಕ್ತದ ಸಕ್ಕರೆಗೆ ಸ್ನಾಯು ಬೇಕು, ನಲವತ್ತು ದಾಟಿದ ಹೆಂಗಸರಿಗಂತೂ ಬೇಕೇ ಬೇಕು.

ಊಟದಲ್ಲಿ ಹಸಿವನ್ನು ಎದುರು ಹಾಕಿಕೊಳ್ಳಬೇಡಿ, ಅದಕ್ಕೆ ತೃಪ್ತಿ ಕೊಡಿ. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ದಿನಕ್ಕೆ 75–80 ಗ್ರಾಂ ಪ್ರೋಟೀನ್ ಇಟ್ಟುಕೊಳ್ಳಿ. ನಮ್ಮ ಸಸ್ಯಾಹಾರದಲ್ಲಿ ಅದು ತಾನಾಗಿ ಬರುವುದಿಲ್ಲ, ಪ್ರಯತ್ನಪಡಬೇಕು. ತಿಳಿಸಾರಿನ ಬದಲು ಗಟ್ಟಿ ಹುರುಳಿಕಾಳಿನ ಸಾರು, ಮೊಳಕೆಕಾಳಿನ ಉಸಲಿ, ಹೆಸರುಬೇಳೆ ಕೋಸಂಬರಿ ಎರಡು ಸೌಟು ಹೆಚ್ಚು, ಮೊಸರು, ಪನೀರ್, ಸೋಯಾ, ತಿನ್ನುವವರಾದರೆ ಮೊಟ್ಟೆ, ಮೀನು. ಅನ್ನವನ್ನು ಪೂರ್ತಿ ಬಿಟ್ಟಿದ್ದೀರಲ್ಲ, ಅದು ಬೇಡ. ಪೂರ್ತಿ ಬಿಟ್ಟದ್ದು ಒಂದು ದಿನ ಪೂರ್ತಿ ಮರಳುತ್ತದೆ. ಸೊಪ್ಪಿನ ಸಾರಿನ ಜೊತೆ ಒಂದು ಚಿಕ್ಕ ಮುದ್ದೆಯೋ ಒಂದು ಬಟ್ಟಲು ಅನ್ನವೋ ಇರಲಿ. ಮುದ್ದೆ ತಿಂದರೆ ತೂಕ ಇಳಿಯುತ್ತದೆ, ಸಿರಿಧಾನ್ಯ ತಿಂದರೆ ಇಳಿಯುತ್ತದೆ ಎಂಬುದೂ ಅರ್ಧ ನಿಜ. ಕ್ಯಾಲರಿಯಲ್ಲಿ ಅಕ್ಕಿಗೂ ರಾಗಿಗೂ ದೊಡ್ಡ ಅಂತರವಿಲ್ಲ, ನಾರು ಹೆಚ್ಚಿರುವುದರಿಂದ ಹೊಟ್ಟೆ ತುಂಬಿದಂತಿರುತ್ತದೆ. ಎಣ್ಣೆಯನ್ನು ಮಾತ್ರ ಡಬ್ಬದಿಂದ ಸುರಿಯದೆ ಚಮಚದಲ್ಲಿ ಅಳೆದು ಹಾಕಿ.

ಇಂಜೆಕ್ಷನ್ ಬಗ್ಗೆ. ತೂಕ ಇಳಿಸುವ ಇಂಜೆಕ್ಷನ್‌ಗಳಲ್ಲಿ ಮೌಂಜಾರೋ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಭಾರತಕ್ಕೆ ಬಂದವು. ಇವು ಕೆಲಸ ಮಾಡುವುದು ಮುಖ್ಯವಾಗಿ ಹಸಿವಿನ ಮೇಲೆ, ಅಂದರೆ ನಿಮ್ಮ ನಿಜವಾದ ತೊಂದರೆ ಎಲ್ಲಿದೆಯೋ ಅಲ್ಲಿ. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಈಗ 31.6, ಭಾರತೀಯರಿಗೆ 25 ದಾಟಿದರೇ ಬೊಜ್ಜು. ಹಾಗಾಗಿ ಅದನ್ನು ಕೇಳುವುದರಲ್ಲಿ ನಾಚಿಕೆಯ ಮಾತೇ ಇಲ್ಲ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವಾಗ ಯಾರೂ ನಾಚುವುದಿಲ್ಲವಲ್ಲ. ಆದರೆ ಒಂದು ವಿಷಯ ಮೊದಲೇ ತಿಳಿದಿರಿ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಅನ್ನು 68 ವಾರ ಪಡೆದು ನಿಲ್ಲಿಸಿದವರಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿತು. ಮದ್ದು ನಿಂತರೆ ಹಸಿವು ಮತ್ತೆ ಬಾಗಿಲು ತಟ್ಟುತ್ತದೆ. ಮದುವೆ ಸೀಸನ್ನಿಗೆ ಮೂರು ತಿಂಗಳು ಎಂದು ಶುರು ಮಾಡುವ ಔಷಧ ಅದಲ್ಲ. ಖರ್ಚು, ವಾಕರಿಕೆ, ಸ್ನಾಯು ನಷ್ಟ ಎಲ್ಲವನ್ನೂ ತೂಗಿ ನೋಡಬೇಕು. ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತವಾಗಿದ್ದರೆ ಅಥವಾ ಮನೆತನದಲ್ಲಿ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಜಿಮ್‌ನಲ್ಲಿ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಸಿಗುವ ಇಂಜೆಕ್ಷನ್ ಪೆನ್ನನ್ನು ಮುಟ್ಟಬೇಡಿ.

ತೂಕದ ಮುಳ್ಳು ಅಲುಗದಿದ್ದರೂ ನಡಿಗೆ, ಊಟದ ಬದಲಾವಣೆ ವ್ಯರ್ಥವಲ್ಲ ಎನ್ನುವುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿ ಇದೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೀವನಶೈಲಿ ಬದಲಿಸಿಕೊಂಡವರಿಗೆ ಮಧುಮೇಹ ಬರುವುದು ಶೇ 28.5 ಕಡಿಮೆಯಾಯಿತು. ಅವರ ತೂಕ ಇಳಿದಿರಲಿಲ್ಲ.

ವೈದ್ಯರ ಬಳಿ ಹೋಗುವಾಗ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ), ಕೊಲೆಸ್ಟ್ರಾಲ್, ಯಕೃತ್ತಿನ ಪರೀಕ್ಷೆ, ಹಿಮೋಗ್ಲೋಬಿನ್, ವಿಟಮಿನ್ ಬಿ12ರ ವರದಿ ಇರಲಿ. ಸೊಂಟದ ಸುತ್ತಳತೆ ಬರೆದುಕೊಂಡು ಹೋಗಿ, ಹೆಂಗಸರಿಗೆ 80 ಸೆಂ.ಮೀ. ಗಡಿ. ಮುಟ್ಟು ಏರುಪೇರಾಗಿದ್ದರೆ, ಗೊರಕೆ ಇದ್ದರೆ, ಖಿನ್ನತೆಗೋ ಅಲರ್ಜಿಗೋ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ, ಕೆಲವು ಮಾತ್ರೆಗಳೇ ತೂಕ ಏರಿಸುತ್ತವೆ. ವಾರದ ತೂಕ ಬರೆದ ಹಾಳೆಯನ್ನೂ ಜೊತೆಗೆ ಒಯ್ಯಿರಿ. ಅದರಲ್ಲಿ ಮೂರು ತಿಂಗಳು 79 ಎಂದೇ ಇದ್ದರೆ ನಿಮ್ಮ ವೈದ್ಯರು ಖುಷಿಪಡಬೇಕು. ಅದನ್ನು ಕಂಡು ಗದರುವವರಾದರೆ ಬೇರೆ ವೈದ್ಯರನ್ನು ನೋಡಿ.